ಯಾದವಗಿರಿಯ ಯಂತ್ರ, ನಮ್ಮೂರಿನ ರಿಪೇರಿ

ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರ ಸೀಮೆಯಲ್ಲಿ ‘ಹಳೇ ಗಾಡಿ’ ಎಂದರೆ ಯಾರಿಗೂ ಕಾರು ನೆನಪಾಗುವುದಿಲ್ಲ. ಕಾರುಗಳಿದ್ದದ್ದು ಅರಮನೆಯಲ್ಲಿ, ಕಾಫಿ ತೋಟದ ಬಂಗಲೆಗಳಲ್ಲಿ, ಪೇಟೆಯ ದೊಡ್ಡ ಡಾಕ್ಟರುಗಳ ಮನೆಯಲ್ಲಿ. ನಮ್ಮ ಕಡೆಯ ರೈತನ ಮನೆ ಮುಂದೆ ನಿಂತದ್ದು ಜಾವಾ, ಆಮೇಲೆ ಯೆಜ್ಡಿ. ಅಮೆರಿಕದಲ್ಲಿ ಎಂಟು ಸಿಲಿಂಡರಿನ ಹಳೆಯ ಮಸ್ಟಾಂಗ್, ಕ್ಯಾಮರೊ ಕಾರುಗಳ ಸೀಟು, ಡ್ಯಾಶ್‌ಬೋರ್ಡು, ಬಾನೆಟ್ಟಿನೊಳಗಿನ ಒಂದೊಂದು ಬೋಲ್ಟನ್ನೂ ಹುಡುಕಿ ತಂದು ಕೂರಿಸುವ ಜನ ಇದ್ದಾರಂತೆ. ಆ ಹುಚ್ಚು ನಮ್ಮಲ್ಲಿ 250 ಸಿಸಿಯ ಒಂಟಿ ಸಿಲಿಂಡರಿಗೆ ಹಿಡಿದಿದೆ.

ನನ್ನ ಗ್ಯಾರೇಜಿರುವುದು ಗೋವಿಂದನಹಳ್ಳಿಯಲ್ಲಿ. ಹೊರಗಿನವರು ಈ ಊರಿಗೆ ಬರುವುದು ಹೊಯ್ಸಳರ ಪಂಚಲಿಂಗೇಶ್ವರ ದೇವಸ್ಥಾನ ನೋಡುವುದಕ್ಕೆ. ಈಚೆಗೆ ಒಂದಷ್ಟು ಜನ ನನ್ನ ಶೆಡ್ಡಿಗೂ ಬರುತ್ತಾರೆ. ಟೆಂಪೋದ ಹಿಂದೆ ಹಗ್ಗ ಬಿಗಿದ ತುಕ್ಕು ಗಾಡಿ, ಮುಂದಿನ ಸೀಟಿನಲ್ಲಿ ಬೆಂಗಳೂರಲ್ಲಿ ಕೆಲಸ ಮಾಡುವ ಹುಡುಗ. ಇಳಿದವನೇ ಕೇಳುವ ಮಾತು ಒಂದೇ: “ಅಣ್ಣ, ಶೋರೂಂನಿಂದ ಬಂದಾಗ ಹೆಂಗಿತ್ತೋ ಹಂಗೇ ಮಾಡ್ಕೊಡಿ.” ಈ ಕೋರಿಕೆಯ ಬಗ್ಗೆ ನನಗೆ ಒಂದು ತಕರಾರಿದೆ. ಅದನ್ನು ಹೇಳಬೇಕಾದರೆ ಗಾಡಿ ಹುಟ್ಟಿದ ಕಡೆಯಿಂದ ಹೊರಡಬೇಕು.

ಜಾವಾ ಮೂಲತಃ ಚೆಕೊಸ್ಲೊವಾಕಿಯದ ಗಾಡಿ. ಬಂದೂಕು ತಯಾರಿಸುತ್ತಿದ್ದ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟರ್‌ಸೈಕಲ್ ವಿಭಾಗವನ್ನು ಕೊಂಡು ಕಟ್ಟಿದ ಕಂಪನಿ ಅದು. ಮುಂಬಯಿಯ ಇರಾನಿ ಕುಟುಂಬದವರು ಆ ಗಾಡಿಗಳನ್ನು ತರಿಸಿ ಮಾರುತ್ತಿದ್ದರು. 1950ರ ದಶಕದಲ್ಲಿ ಕೇಂದ್ರ ಸರ್ಕಾರ ಸಿದ್ಧ ವಾಹನಗಳ ಆಮದಿಗೆ ಕಡಿವಾಣ ಹಾಕಿದಾಗ, ವ್ಯಾಪಾರ ಉಳಿಯಬೇಕಾದರೆ ಇಲ್ಲೇ ತಯಾರಿಸಬೇಕು ಎನ್ನುವ ಸ್ಥಿತಿ ಬಂತು. ಮದರಾಸಿನಲ್ಲಿ ಎನ್‌ಫೀಲ್ಡ್ ಆಗಲೇ ಶುರುವಾಗಿತ್ತು. ಇರಾನಿಯವರು ಮೈಸೂರನ್ನು ಆರಿಸಿಕೊಂಡರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ ಬೆಂಬಲವೂ ಸಿಕ್ಕಿತು. ಹೀಗೆ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಎದ್ದಿತು. 1961ರಿಂದ ಗಾಡಿಗಳು ಹೊರಬರತೊಡಗಿದವು.

ಮೊದಮೊದಲು ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಚೆಕೊಸ್ಲೊವಾಕಿಯದಿಂದ ಬರುತ್ತಿದ್ದವು, ಇಲ್ಲಿ ಜೋಡಿಸುತ್ತಿದ್ದರು. ಬರಬರುತ್ತ ಎರಕ, ಕಟಿಂಗು, ನಿಕ್ಕಲ್ ಎಲ್ಲವೂ ಇಲ್ಲೇ ಆಗತೊಡಗಿದವು. 1973-74ರ ಹೊತ್ತಿಗೆ ಜಾವಾ ಹೆಸರು ಹೋಗಿ ಟ್ಯಾಂಕಿನ ಮೇಲೆ ಯೆಜ್ಡಿ ಬಂತು. 1978ರಲ್ಲಿ ರೋಡ್‌ಕಿಂಗ್ ಬಂತು, 80ರ ದಶಕದಲ್ಲಿ ಎರಡು ಸಿಲಿಂಡರಿನ 350 ಬಂತು. ನಮ್ಮ ಕಡೆಯ ಹಿರಿಯರಿಗೆ ಇದಾವುದರ ಲೆಕ್ಕವೂ ಇರಲಿಲ್ಲ. ಟ್ಯಾಂಕಿನ ಮೇಲೆ ಯಾವ ಹೆಸರಿದ್ದರೂ ಅವರ ಬಾಯಲ್ಲಿ ಅದು ‘ಜಾವಾ’ ಅಥವಾ ‘ಮೈಸೂರು ಗಾಡಿ’.

ಈ ಗಾಡಿ ಮಂಡ್ಯದ ಮಣ್ಣಿಗೆ ಒಗ್ಗಿದ್ದು ಏಕೆ ಎಂಬುದಕ್ಕೆ ಎಂಜಿನ್ ಬಿಚ್ಚಿ ನೋಡಿದರೆ ಉತ್ತರ ಸಿಗುತ್ತದೆ. ಸಿಲಿಂಡರಿನ ಅಗಲ 65 ಮಿಲಿಮೀಟರ್, ಪಿಸ್ಟನ್ ಓಡಾಡುವ ಉದ್ದ 75. ಅಗಲಕ್ಕಿಂತ ಓಟ ಹೆಚ್ಚಿರುವ ಎಂಜಿನ್ ಇದು, ಕಡಿಮೆ ವೇಗದಲ್ಲೇ ಎಳೆಯುವ ಶಕ್ತಿ ಕೊಡುತ್ತದೆ. ಹಿಂದೆ ಎರಡು ಮೂಟೆ ಬಿಗಿದುಕೊಂಡು ಗದ್ದೆ ಬದಿಯ ಕೆಸರಿನಿಂದ ಏರಿ ಬರಬೇಕಾದವನಿಗೆ ಬೇಕಾದದ್ದೇ ಅದು. ವಾಲ್ವಿಲ್ಲ, ಟೈಮಿಂಗ್ ಚೈನಿಲ್ಲ. ಟೂ ಸ್ಟ್ರೋಕ್ ಆದ್ದರಿಂದ ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಲೀಟರಿಗೆ ಸುಮಾರು 40 ಎಂ.ಎಲ್. ಎಂಬುದು ಬಂಕಿನ ಹುಡುಗನಿಗೂ ಬಾಯಿಪಾಠ. ಸಿಲಿಂಡರು ಒಂದೇ ಆದರೂ ಸೈಲೆನ್ಸರು ಎರಡು. ಗೇರು ಹಾಕುವ ಲಿವರೇ ಕಿಕ್ ಹೊಡೆಯುವ ಲಿವರ್, ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿ ಎತ್ತಿದರೆ ಸ್ಟಾರ್ಟ್ ಮಾಡಬಹುದು. ಗೇರು ಒತ್ತುವಾಗಲೇ ಒಳಗಿನ ಕ್ಯಾಮು ಕ್ಲಚ್ಚನ್ನು ಬಿಡಿಸುವುದರಿಂದ, ಕ್ಲಚ್ ಕೇಬಲ್ ದಾರಿಯಲ್ಲಿ ಕಿತ್ತುಹೋದರೂ ಮನೆ ಸೇರಬಹುದಿತ್ತು. ನಡುರಾತ್ರಿ ಕಿಕ್ಕೇರಿಯಿಂದ ಹೊರಟವನಿಗೆ ಇದು ಸಣ್ಣ ಸಂಗತಿ ಅಲ್ಲ.

ಇನ್ನೊಂದು ಕಾರಣ ನೀರು. ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಕನ್ನಂಬಾಡಿ ಕಟ್ಟೆಯ ನೀರು 1930ರ ದಶಕದಿಂದಲೇ ಇತ್ತು. ಮಂಡ್ಯದ ಸಕ್ಕರೆ ಕಾರ್ಖಾನೆ 1933ರಷ್ಟು ಹಳೆಯದು. ಕೆ.ಆರ್. ಪೇಟೆ, ನಾಗಮಂಗಲದ ಬಹುಪಾಲು ಹಳ್ಳಿಗಳು ಮಾತ್ರ ಮಳೆ ನಂಬಿ ರಾಗಿ, ಹುರುಳಿ ಬೆಳೆಯುತ್ತಿದ್ದವು. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟೆ ಮುಗಿದು, ಕ್ರಮೇಣ ಕಾಲುವೆ ನೀರು ಹರಿದ ಮೇಲೆ ಕಬ್ಬು, ಭತ್ತ ಬಂದವು. ಹಾಲಿನ ಡೇರಿಗಳು ಬಂದವು. ಆಲೆಮನೆಯ ಬೆಲ್ಲದ ದುಡ್ಡು ಕೈಗೆ ಬಂದವನು ಮೊದಲು ಮನೆಗೆ ಹೆಂಚು ಹೊದಿಸಿದ, ಆಮೇಲೆ ಮೈಸೂರಿಗೆ ಬಸ್ಸು ಹತ್ತಿ ಹೋಗಿ ಯೆಜ್ಡಿ ಓಡಿಸಿಕೊಂಡು ಬಂದ. ಆ ಗಾಡಿ ಹಾಲಿನ ಕ್ಯಾನು ಹೊತ್ತಿತು, ರೇಷ್ಮೆ ಗೂಡಿನ ಚೀಲ ಹೊತ್ತಿತು, ಗೊಬ್ಬರದ ಮೂಟೆ ಹೊತ್ತಿತು, ಹೆರಿಗೆ ನೋವಿನ ಹೆಂಗಸನ್ನು ಪೇಟೆ ಆಸ್ಪತ್ರೆಗೆ ತಲುಪಿಸಿತು. ಕಾರ್ಖಾನೆಯ ಡ್ರಾಯಿಂಗಿನಲ್ಲಿ ಇಲ್ಲದ ಕೊಂಡಿ, ಕಂಬಿ, ಹಲಗೆಗಳೆಲ್ಲ ಅದರ ಮೈಗೆ ಅಂಟಿದ್ದು ಆ ದಿನಗಳಲ್ಲಿ.

ಗಾಡಿಯ ಹಿಂದೆಯೇ ಬಂದದ್ದು ರಿಪೇರಿಯ ಕಸುಬು. ನಮ್ಮ ತಲೆಮಾರಿನ ಮೆಕ್ಯಾನಿಕ್ಕುಗಳಲ್ಲಿ ಐ.ಟಿ.ಐ. ಕಲಿತವರು ಕಡಿಮೆ. ಮೈಸೂರಿನ ಗ್ಯಾರೇಜುಗಳಲ್ಲಿ ‘ಉಸ್ತಾದ್’ಗಳ ಕೈಕೆಳಗೆ ಸ್ಪ್ಯಾನರ್ ಎತ್ತಿಕೊಟ್ಟು, ಸೀಮೆಎಣ್ಣೆಯಲ್ಲಿ ಪಾರ್ಟು ತೊಳೆದು, ಬೈಸಿಕೊಂಡು ಕಲಿತವರೇ ಹೆಚ್ಚು. ನಾನೂ ಹಾಗೇ ಕಲಿತವನು. ನಮ್ಮ ಉಸ್ತಾದರ ಗ್ಯಾರೇಜಿಗೆ ಯಾದವಗಿರಿಯ ಕೆಲಸಗಾರರು ಶಿಫ್ಟು ಮುಗಿಸಿ ಟೀ ಕುಡಿಯಲು ಬಂದು ಕೂರುತ್ತಿದ್ದರು. ಪುಸ್ತಕದಲ್ಲಿ ಇಲ್ಲದ ಅಳತೆಗಳು ಆ ಬೆಂಚಿನ ಮೇಲೆ ಕೈ ಬದಲಾಗುತ್ತಿದ್ದವು. ಯಾವ ವಾಷರು ಯಾವ ಕಡೆ ಮುಖ ಮಾಡಬೇಕು, ಬೇರಿಂಗ್ ಕೂರಿಸುವ ಮುನ್ನ ಕೇಸನ್ನು ಎಷ್ಟು ಕಾಯಿಸಬೇಕು, ನೀರಿನ ಹನಿ ಬಿಟ್ಟರೆ ಯಾವ ಸದ್ದಾಗಬೇಕು ಎಂಬಂಥವು.

ಹಳ್ಳಿಯವರಿಗೂ ಅರ್ಧ ಕೆಲಸ ಗೊತ್ತಿತ್ತು. ಗಾಡಿ ಏರಿನಲ್ಲಿ ಮುಕ್ಕರಿಯತೊಡಗಿದರೆ ಸೈಲೆನ್ಸರು ಕಟ್ಟಿದೆ ಎಂದು ಅರ್ಥ. ಆಯಿಲ್ ಬೆರೆತ ಪೆಟ್ರೋಲ್ ಉರಿದು ಉಳಿದ ಕರಿ, ಡಾಂಬರಿನಂತೆ ಒಳಗಿನ ಬ್ಯಾಫಲ್ ತೂತುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಹಿಂಬದಿಯ ನಟ್ಟು ಬಿಚ್ಚಿ ಬ್ಯಾಫಲ್ ಎಳೆದರೆ ಕೈಯೆಲ್ಲ ಜಿಡ್ಡು. ಅದನ್ನು ಒಲೆಗೋ ಭತ್ತದ ಹೊಟ್ಟಿನ ಬೆಂಕಿಗೋ ಹಾಕಬೇಕು. ಮೊದಲು ಬಿಳಿ ಹೊಗೆ, ಆಮೇಲೆ ನೀಲಿ ಉರಿ, ಕೊನೆಗೆ ಕಬ್ಬಿಣ ಕೆಂಪಗಾಗಿ ಕರಿಯೆಲ್ಲ ಬೂದಿಯಾಗಿ ಉದುರುತ್ತದೆ. ಆರಿದ ಮೇಲೆ ಮರದ ಕೊಡತಿಯಿಂದ ನಾಲ್ಕೇಟು ಹಾಕಿ, ತಂತಿಯಿಂದ ತೂತು ಬಿಡಿಸಿ, ಮತ್ತೆ ಕೂರಿಸಿದರೆ ಗಾಡಿಗೆ ಹೊಸ ಉಸಿರು. ಸುಗ್ಗಿ ಮುಗಿದ ಮೇಲೆ ಈ ಕೆಲಸ ನಡೆಯದ ಅಂಗಳ ಇರಲಿಲ್ಲ.

1984ರಿಂದ ಗಾಳಿ ಬೇರೆ ಕಡೆಗೆ ತಿರುಗಿತು. ಹೊಸೂರಿನಿಂದ ಇಂಡ್-ಸುಜುಕಿ ಬಂತು. ಮರುವರ್ಷ ಹೀರೊ ಹೊಂಡ ಸಿಡಿ 100, ಯಮಹಾ ಆರ್‌ಎಕ್ಸ್ 100 ಬಂದವು. ಹಗುರ, ಪೆಟ್ರೋಲಿನ ಉಳಿತಾಯ, ಅರ್ಧ ಕಿಕ್ಕಿಗೆ ಸ್ಟಾರ್ಟು. ಯೆಜ್ಡಿ ಕುಡಿಯುವ ಪೆಟ್ರೋಲಿನಲ್ಲಿ ಸಿಡಿ 100 ಎರಡು ಪಟ್ಟಿಗೂ ಹೆಚ್ಚು ದೂರ ಓಡುತ್ತಿತ್ತು. ಜೊತೆಗೆ ಹೊಗೆಯ ನಿಯಮಗಳು ಬಿಗಿಯಾದವು. 1996ರಲ್ಲಿ ಹೊಸ ಮಿತಿ ಜಾರಿಯಾದ ವರ್ಷವೇ ಯಾದವಗಿರಿಯ ಕಾರ್ಖಾನೆಯೂ ಬಾಗಿಲು ಹಾಕಿತು. ಕೆಲಸ ಕಳೆದುಕೊಂಡವರಲ್ಲಿ ಕೆಲವರು ಮೈಸೂರಿನ ಗಲ್ಲಿಗಳಲ್ಲಿ ಲೇತ್ ಹಾಕಿಕೊಂಡರು, ಕೆಲವರು ಬಿಡಿಭಾಗದ ಅಂಗಡಿ ಇಟ್ಟರು, ಇನ್ನು ಕೆಲವರು ಬೇರೆ ಕೆಲಸ ಹುಡುಕಿ ಹೋದರು.

ಆಮೇಲಿನ ಹತ್ತು ಹದಿನೈದು ವರ್ಷ ಯೆಜ್ಡಿಯನ್ನು ತೂಕಕ್ಕೆ ಹಾಕಿದ ಕಾಲ. ಗುಜರಿಯವರು ಹಳ್ಳಿಹಳ್ಳಿ ಸುತ್ತಿ ಕೆ.ಜಿ. ಲೆಕ್ಕದಲ್ಲಿ ಕೊಂಡರು. ಹುಲ್ಲಿನ ಮೆದೆಯ ಹಿಂದೆ, ಕೊಟ್ಟಿಗೆಯ ಮೂಲೆಯಲ್ಲಿ ಮರೆತು ಬಿಟ್ಟ ಗಾಡಿಗಳಷ್ಟೇ ಉಳಿದವು. ಇಂದು ಲಕ್ಷಗಟ್ಟಲೆ ಬೆಲೆ ಬಾಳುವ ಗಾಡಿಗಳು ಉಳಿದದ್ದು ಯಾರ ದೂರದೃಷ್ಟಿಯಿಂದಲೂ ಅಲ್ಲ. “ಅಪ್ಪನ ಗಾಡಿ, ಇರ್ಲಿ ಬುಡಿ” ಎಂದು ಯಾವುದೋ ತಾಯಿ ಗುಜರಿಯವನನ್ನು ವಾಪಸು ಕಳಿಸಿದ್ದರಿಂದ.

ಮತ್ತೆ ಬೇಡಿಕೆ ಬಂದದ್ದು ಅಭಿಮಾನಿಗಳ ಸಂಘಗಳಿಂದ. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ. ಅಂದು ಬೆಂಗಳೂರು, ಮೈಸೂರುಗಳಲ್ಲಿ ಸಾಲುಗಟ್ಟಿ ಗಾಡಿಗಳು ಸೇರುತ್ತವೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಗಾಡಿಗಳು ಬಂದ ಮೇಲೆ ಹಳೆಯವುಗಳ ಬೆಲೆ ಇನ್ನೂ ಏರಿತು. ಹಳೇ ಪಾರ್ಟಿಗೆ ನಾವು ಮೊದಲೆಲ್ಲ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ತಡಕುತ್ತಿದ್ದೆವು. ಈಗ ದೆಹಲಿಯ ಕರೋಲ್ ಬಾಗ್‌ನಿಂದ, ಲುಧಿಯಾನದಿಂದ ಹೊಸದಾಗಿ ಮಾಡಿದ ಪಾರ್ಟುಗಳು ಕೊರಿಯರಿನಲ್ಲಿ ಬರುತ್ತವೆ. ದುಡ್ಡಿದ್ದವರು ಚೆಕ್ ದೇಶದಿಂದಲೇ ತರಿಸುತ್ತಾರೆ.

ಕೆಲಸ ಎರಡು ಭಾಗ: ಎಂಜಿನ್ ಮತ್ತು ಮೈ. ಎಂಜಿನ್ ವಿಷಯದಲ್ಲಿ ನನ್ನದು ಗಟ್ಟಿ ನಿಲುವು, ಕಾರ್ಖಾನೆಯ ಅಳತೆಗೆ ಕೂದಲೆಳೆಯಷ್ಟೂ ರಿಯಾಯಿತಿ ಇಲ್ಲ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್-ಗಾಳಿ ಮೊದಲು ಕ್ರ್ಯಾಂಕ್ ಕೇಸಿಗೇ ಬರುತ್ತದೆ. ಆ ಕೇಸು ಗಾಳಿಯಾಡದಂತೆ ಬಿಗಿಯಾಗಿರಬೇಕು. ಕ್ರ್ಯಾಂಕಿನ ಬದಿಯ ಆಯಿಲ್ ಸೀಲು ಬಿರುಕು ಬಿಟ್ಟರೆ ಗೇರ್‌ಬಾಕ್ಸಿನ ಆಯಿಲನ್ನು ಎಳೆದುಕೊಂಡು ಊರೆಲ್ಲ ಬಿಳಿ ಹೊಗೆ. ಸಿಲಿಂಡರು ಸವೆದಿದ್ದರೆ ಬೋರ್ ಮಾಡಿಸಿ ಕಾಲು ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕುತ್ತೇವೆ, 65ರಿಂದ 65.25, ಅಲ್ಲಿಂದ 65.50, ಹೀಗೆ ಮೇಲಕ್ಕೆ. ಜಾಗ ಮುಗಿದ ಮೇಲೆ ಹೊಸ ಲೈನರ್. ಒಂದು ಸಿಲಿಂಡರ್ ಎಷ್ಟನೇ ಬೋರಿನಲ್ಲಿದೆ ಎಂದು ನೋಡಿದರೆ ಆ ಮನೆಯವರು ಎಷ್ಟು ದುಡಿದಿದ್ದಾರೆ ಎಂದು ಅಂದಾಜು ಸಿಗುತ್ತದೆ.

ಎಲ್ಲಕ್ಕಿಂತ ನಾಜೂಕಿನ ಕೆಲಸ ಕ್ರ್ಯಾಂಕಿನದು. ಎರಡು ದಪ್ಪ ಚಕ್ರಗಳನ್ನು ಒಂದು ಪಿನ್ನಿನ ಮೇಲೆ ಒತ್ತಿ ಕೂರಿಸಿರುತ್ತಾರೆ, ನಡುವೆ ಕನೆಕ್ಟಿಂಗ್ ರಾಡು. ಹೊಸ ರಾಡ್ ಹಾಕಬೇಕಾದರೆ ಪ್ರೆಸ್ಸಿನಲ್ಲಿ ಬಿಡಿಸಿ ಮತ್ತೆ ಒತ್ತಬೇಕು. ಒತ್ತಿದ ಮೇಲೆ ಎರಡೂ ಚಕ್ರಗಳು ಒಂದೇ ನೇರಕ್ಕೆ ಬಂದಿರುವುದಿಲ್ಲ. ಎರಡು ತುದಿ ಆಧಾರಕ್ಕಿಟ್ಟು, ಡಯಲ್ ಗೇಜ್ ತಾಗಿಸಿ ತಿರುಗಿಸಿದರೆ ಮುಳ್ಳು ಅತ್ತಿತ್ತ ಓಲಾಡುತ್ತದೆ. ಓಲಿದ ಕಡೆಗೆ ತಾಮ್ರದ ಸುತ್ತಿಗೆಯಿಂದ ಒಂದೇಟು. ಮತ್ತೆ ತಿರುಗಿಸು, ಮತ್ತೆ ನೋಡು. ಮುಳ್ಳಿನ ಓಲಾಟ ಮಿಲಿಮೀಟರಿನ ನೂರನೇ ಒಂದೆರಡು ಭಾಗಕ್ಕೆ ಇಳಿಯುವವರೆಗೆ ಉಸ್ತಾದರು ಟೀ ಕೂಡ ಮುಟ್ಟುತ್ತಿರಲಿಲ್ಲ.

ಮೈಯ ಕೆಲಸಕ್ಕೆ ಬೇರೆ ಬೇರೆ ಕೈಗಳು ಬೇಕು. ಟ್ಯಾಂಕಿನ ತಗ್ಗು ತೆಗೆಯುವ ಟಿಂಕರು, ನಿಕ್ಕಲ್ ಹೊಡೆಯುವವನು, ರೆಕ್ಸಿನ್ ಹೊಲಿದು ಬೀಡಿಂಗ್ ಕೂರಿಸುವ ಸೀಟಿನವನು, ಹೆಡ್‌ಲೈಟಿನ ಡೂಮಿನೊಳಗೆ ಸ್ಪೀಡೋಮೀಟರ್, ಕೀಲಿ, 6 ವೋಲ್ಟಿನ ವೈರುಗಳನ್ನು ತುರುಕಿ ಮುಚ್ಚುವ ಎಲೆಕ್ಟ್ರಿಷಿಯನ್. ಎಲ್ಲಕ್ಕೂ ಕೊನೆಗೆ ಲೈನ್ ಎಳೆಯುವ ಪೇಂಟರ್. ನಮಗೆ ಆ ಕೆಲಸ ಮಾಡಿಕೊಡುವವರು ಪಾಂಡವಪುರದಲ್ಲಿ ಹಿಂದೆ ಎತ್ತಿನ ಗಾಡಿಗೂ ಲಾರಿಯ ಬಾಡಿಗೂ ಬಣ್ಣ ಬರೆದವರು. ಉದ್ದ ಕೂದಲಿನ ಬ್ರಷ್ಷನ್ನು ಟ್ಯಾಂಕಿಗೆ ತಾಗಿಸಿ, ಕಿರುಬೆರಳನ್ನು ಅಂಚಿಗೆ ಒತ್ತಿ, ಮುಂದಿನಿಂದ ಹಿಂದಿನವರೆಗೆ ಒಂದೇ ಉಸಿರಿಗೆ ಬಂಗಾರದ ಗೆರೆ ಎಳೆಯುತ್ತಾರೆ. ಸ್ಟಿಕರ್ ಅಂಟಿಸಿದರೆ ಅಗ್ಗ, ಆದರೆ ಎರಡು ಬೇಸಗೆಗೆ ಸುಲಿದು ಬರುತ್ತದೆ.

ನನ್ನ ತಕರಾರು ಇರುವುದು ಈ ಮೈಯ ಬಗ್ಗೆ. ನಾಗಮಂಗಲದ ಕಡೆಯ ಒಂದು ಮನೆಯಿಂದ 70ರ ದಶಕದ ಯೆಜ್ಡಿ ಬಂದಿತ್ತು. ಮೊಮ್ಮಗನಿಗೆ ಶೋರೂಂ ಕಂಡೀಷನ್ ಬೇಕು. ಬಣ್ಣ ಉಜ್ಜುತ್ತ ಹೋದ ಹಾಗೆ ಮೇಲೆ ಕರಿ, ಅದರ ಕೆಳಗೆ ಪಂಚಾಯ್ತಿ ಬಾಗಿಲಿನ ಹಸಿರು, ಅದರಡಿ ಕಾರ್ಖಾನೆಯ ಮೆರೂನ್. ಹಿಂದಿನ ಮಡ್‌ಗಾರ್ಡಿನ ಎರಡೂ ಬದಿ ಬೆರಳು ದಪ್ಪದ ಸರಳನ್ನು ಬಗ್ಗಿಸಿ ವೆಲ್ಡ್ ಮಾಡಿದ ಕೊಂಡಿಗಳು. ನನ್ನ ಹುಡುಗ ಗ್ರೈಂಡರ್ ಎತ್ತಿಕೊಂಡಿದ್ದ. ಜೊತೆಗೆ ಬಂದಿದ್ದ ಅಜ್ಜಿ ಅದನ್ನು ನೋಡಿ ಮೊಮ್ಮಗನಿಗೆ, “ಅದ್ಯಾಕ್ ಕೊಯ್ತೀಯೋ ಮಗ? ನಿಮ್ ತಾತ ಹಾಲಿನ ಕ್ಯಾನ್ ಕಟ್ತಿದ್ದ ಕೊಂಡಿ ಕಣಪ್ಪ ಅದು. ಅದ್ರಲ್ಲೇ ನಿಮ್ಮಪ್ಪನ್ನ ಓದ್ಸಿದ್ದು” ಎಂದರು. ಮೊಮ್ಮಗ ಒಂದು ಗಳಿಗೆ ನನ್ನ ಮುಖ ನೋಡಿದ. ಕೊಂಡಿ ಉಳಿಯಿತು. ಮೆರೂನ್ ಬಣ್ಣ, ಬಂಗಾರದ ಗೆರೆ ಎಲ್ಲ ಬಂದ ಮೇಲೂ ಕೊಂಡಿಗಳು ಅಲ್ಲೇ ಇವೆ.

ರ್‍ಯಾಲಿಗಳಲ್ಲಿ ಅದಕ್ಕೆ ಬಹುಮಾನ ಸಿಗುವುದಿಲ್ಲ, ಗೊತ್ತು. ಮಾರುಕಟ್ಟೆಗೆ ಬೇಕಿರುವುದು ಒರಿಜಿನಲ್, ಕಾನೂನೂ ಅದನ್ನೇ ಕೇಳುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ವಾಹನ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡಿಲ್ಲದ ಗಾಡಿಗೆ ‘ವಿಎ’ ಅಕ್ಷರಗಳಿರುವ ವಿಶೇಷ ನಂಬರ್ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಅವಧಿ. ಪ್ರದರ್ಶನ, ರ್‍ಯಾಲಿಗಳಿಗೆ ಬಿಟ್ಟರೆ ದಿನನಿತ್ಯ ಓಡಿಸುವಂತಿಲ್ಲ. ಯಾದವಗಿರಿಯ ಮೊದಲ ಹದಿನೈದು ವರ್ಷದ ಗಾಡಿಗಳು ಈಗ ಈ ಲೆಕ್ಕಕ್ಕೆ ಬರುತ್ತವೆ. ಅರಮನೆ ಲಾಯದಲ್ಲಿ ನಿಂತ ಕಾರಿಗೆ ಈ ನಿಯಮ ಸರಿಹೋಗುತ್ತದೆ. ಹಾಲಿನ ಕ್ಯಾನು ಹೊತ್ತ ಗಾಡಿಯ ಮೂಲ ರೂಪ ಯಾವುದು? ಅದು ಹೊಸದಾಗಿ ಶೋರೂಮಿನಲ್ಲಿ ನಿಂತದ್ದು ಕೆಲವು ದಿನ, ದುಡಿದದ್ದು ಮೂವತ್ತು ವರ್ಷ.

ನಮ್ಮೂರ ದೇವಸ್ಥಾನದ ಕೆಲಸದಲ್ಲಿ ಮಲ್ಲಿತಮ್ಮ ಎಂಬ ರೂವಾರಿಯ ಕೈ ಇದೆ. ಹೊಯ್ಸಳರ ಕಾಲದ ಆ ಶಿಲ್ಪಿ ತಾನು ಕೆತ್ತಿದ ಶಿಲ್ಪಗಳಲ್ಲಿ ಹೆಸರು ಬಿಟ್ಟುಹೋಗಿದ್ದಾನೆ. ಅದರಿಂದಲೇ ಏಳೆಂಟು ನೂರು ವರ್ಷದ ನಂತರವೂ ಯಾರು ಎಲ್ಲೆಲ್ಲಿ ದುಡಿದರು ಎಂದು ಹೇಳಲು ಬರುತ್ತದೆ. ಯಾದವಗಿರಿಯವರಿಗೆ ಹೆಸರು ಕೆತ್ತುವ ಅವಕಾಶ ಇರಲಿಲ್ಲ. ಫ್ರೇಮಿನ ಮೇಲೂ ಎಂಜಿನ್ನಿನ ಮೇಲೂ ಇರುವುದು ನಂಬರುಗಳಷ್ಟೆ. ಆದರೆ ಹಳ್ಳಿ ಮೆಕ್ಯಾನಿಕ್ಕುಗಳು ಗುರುತು ಬಿಟ್ಟಿದ್ದಾರೆ. ಕ್ರ್ಯಾಂಕ್ ಕೇಸು ಬಿಚ್ಚಿದರೆ ಒಳಗಡೆ ಪಂಚ್ ಹೊಡೆದ ಚುಕ್ಕಿಗಳು ಸಿಗುತ್ತವೆ: ಎರಡು ಅರ್ಧಗಳು ತಪ್ಪದೆ ಜೋಡಿಯಾಗಲಿ ಎಂದು ಒಬ್ಬ ಎರಡು ಚುಕ್ಕಿ, ಇನ್ನೊಬ್ಬ ಮೂರು, ಮತ್ತೊಬ್ಬ ಒಂದು ಅಡ್ಡಗೆರೆ. ನಮ್ಮ ಉಸ್ತಾದರದು ಒತ್ತೊತ್ತಾಗಿ ಇಟ್ಟ ಮೂರು ಚುಕ್ಕಿ. ಆ ಗುರುತು ಕಂಡರೆ ಆ ಎಂಜಿನ್ ಮೈಸೂರಿನ ಯಾವ ಬೆಂಚಿನ ಮೇಲೆ ತೆರೆದಿತ್ತು ಎಂದು ನನಗೆ ತಿಳಿಯುತ್ತದೆ. ಹೊಳಪು ಬರಲಿ ಎಂದು ಕೇಸಿನ ಒಳಗೂ ಹೊರಗೂ ಬಫಿಂಗ್ ಮಾಡಿಸುವವರು ಆ ಗುರುತನ್ನೂ ಅಳಿಸುತ್ತಾರೆ.

ಶ್ರೀರಂಗಪಟ್ಟಣದ ಹತ್ತಿರ, ನಗುವನಹಳ್ಳಿಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ‘ಪಯಣ’ ಎಂಬ ಕಾರು ಸಂಗ್ರಹಾಲಯ ಇದೆ. ನೋಡಲೇಬೇಕಾದ ಜಾಗ, ಅಲ್ಲಿನ ಕೆಲಸದ ಅಚ್ಚುಕಟ್ಟು ನೋಡಿದರೆ ನನ್ನಂಥವನಿಗೆ ಹೊಟ್ಟೆಕಿಚ್ಚಾಗುತ್ತದೆ. ಅಲ್ಲಿ ಕಾರುಗಳ ಚರಿತ್ರೆ ಭದ್ರವಾಗಿದೆ. ರೈತರ ಗಾಡಿಗಳ ಚರಿತ್ರೆ ಕೊಟ್ಟಿಗೆಗಳಲ್ಲೂ ಗ್ಯಾರೇಜುಗಳಲ್ಲೂ ಚೆದುರಿ ಬಿದ್ದಿದೆ, ನಾವೇ ಉಜ್ಜಿ ಅಳಿಸುತ್ತಿದ್ದೇವೆ.

ಅದಕ್ಕೇ ನಾನೊಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಗಾಡಿ ಬಿಚ್ಚುವ ಮುಂಚೆ ಫೋಟೊ ತೆಗೆಯುತ್ತೇವೆ, ಮನೆಯ ಹಿರಿಯರನ್ನು ಕೇಳುತ್ತೇವೆ. ಎಷ್ಟನೇ ಬೋರು, ಯಾವ ಬಣ್ಣದ ಮೇಲೆ ಯಾವ ಬಣ್ಣ, ಯಾವ ಕೊಂಡಿ ಯಾತಕ್ಕೆ, ಒಳಗೆ ಯಾರ ಚುಕ್ಕಿ, ಯಾವ ಪಾರ್ಟು ಹಳೆಯದು, ಯಾವುದು ಲುಧಿಯಾನದ್ದು ಎಂದು ಒಂದು ಹಾಳೆಯಲ್ಲಿ ಬರೆದು ಆರ್.ಸಿ. ಪುಸ್ತಕದ ಜೊತೆ ಕೊಡುತ್ತೇವೆ. ತೆಗೆದ ಹಳೇ ಪಾರ್ಟುಗಳನ್ನು ಗೋಣಿಚೀಲದಲ್ಲಿ ಕಟ್ಟಿ ಗಿರಾಕಿಗೇ ವಾಪಸು. ಕೆಲವರು ಅದನ್ನು ಬೇಡವೆನ್ನುತ್ತಾರೆ. ಆಗ ಚೀಲ ನನ್ನ ಅಟ್ಟ ಸೇರುತ್ತದೆ.

ಇದಕ್ಕಿಂತ ತುರ್ತಿನ ಕೆಲಸ ಮೈಸೂರಿನಲ್ಲಿದೆ. 1961ರಲ್ಲಿ ಇಪ್ಪತ್ತರ ಹರೆಯದಲ್ಲಿ ಯಾದವಗಿರಿಗೆ ಸೇರಿದವರು ಇದ್ದರೆ ಈಗ ಎಂಬತ್ತು ದಾಟಿರುತ್ತಾರೆ. ಬಾಗಿಲು ಹಾಕಿದಾಗ ಮೂವತ್ತರಲ್ಲಿ ಇದ್ದವರೂ ಅರವತ್ತಕ್ಕೆ ಬಂದಿದ್ದಾರೆ. ಗೇರ್ ಕಟಿಂಗಿನಲ್ಲಿ ಯಾರಿದ್ದರು, ನಿಕ್ಕಲ್ ತೊಟ್ಟಿಯ ಮುಂದೆ ಯಾರು ನಿಲ್ಲುತ್ತಿದ್ದರು, ಟ್ಯಾಂಕಿನ ಬಣ್ಣ ಹೇಗೆ ಬೆರೆಸುತ್ತಿದ್ದರು ಎಂಬುದು ಅವರ ಬಾಯಲ್ಲಿದೆ. ಮೈಸೂರಿನಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿಗೆ ಬರವಿಲ್ಲ, ಇತಿಹಾಸ ಓದುವ ಹುಡುಗರಿಗೂ ಬರವಿಲ್ಲ. ಒಂದು ರೆಕಾರ್ಡರ್ ಹಿಡಿದು ಹೋಗಿ ಅವರನ್ನು ಮಾತಾಡಿಸಲಿ. ನನ್ನ ಅಟ್ಟದ ಚೀಲಗಳು ಬೇಕಿದ್ದರೆ ಗೋವಿಂದನಹಳ್ಳಿಗೆ ಬಂದು ತೆಗೆದುಕೊಂಡು ಹೋಗಲಿ. ಬರುವಾಗ ಹಳೇ ಬಟ್ಟೆ ಹಾಕಿಕೊಂಡು ಬಂದರೆ ಒಳ್ಳೆಯದು.